ಕರೆಯುವುದು ಬೇರೆ, ಎಳೆಯುವುದು ಬೇರೆ



"ನಿಮ್ಮ ನಂಬಿಕೆ ನಿಮಗಿರಲಿ, ಅದನ್ನು ಇನ್ನೊಬ್ಬರಿಗೆ ಹೇಳುವ ಅಗತ್ಯವೇನು?" ಎಂಬ ಪ್ರಶ್ನೆಯನ್ನು ಕ್ರೈಸ್ತರಾದ ನಮಗೆ ಸ್ನೇಹಿತರು ಆಗಾಗ ಕೇಳುತ್ತಾರೆ. ಪ್ರಶ್ನೆ ನೇರವಾಗಿದೆ. ಉತ್ತರವೂ ನೇರವಾಗಿರಬೇಕು.

ಅಗತ್ಯವಿದೆ ಎಂಬುದೇ ನನ್ನ ಉತ್ತರ. ಎಲ್ಲ ಜನರ ಬಳಿಗೂ ಹೋಗಿರೆಂದು ಯೇಸುಸ್ವಾಮಿ ಶಿಷ್ಯರಿಗೆ ಆಜ್ಞಾಪಿಸಿದ ಮಾತಿನೊಂದಿಗೇ ಮತ್ತಾಯನ ಸುವಾರ್ತೆ ಮುಗಿಯುತ್ತದೆ. ಆತನ ಕರೆಗೆ ಓಗೊಟ್ಟೆನೆಂದು ಹೇಳಿ ಈ ಒಂದು ಮಾತನ್ನು ಮಾತ್ರ ಬದಿಗಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಹೇಗೆ ಹೇಳಬೇಕೆಂಬುದನ್ನೂ ಆತನಿಂದಲೇ ಕಲಿಯಬೇಕು. ಆಸ್ತಿಯನ್ನು ಮಾರಿ ಬಡವರಿಗೆ ಕೊಟ್ಟು ತನ್ನನ್ನು ಹಿಂಬಾಲಿಸೆಂದು ಆತನು ಒಬ್ಬ ಸಿರಿವಂತನನ್ನು ಕರೆದನು. ಸಿರಿವಂತನು ಮುಖ ಬಾಡಿಸಿಕೊಂಡು ಹೊರಟುಹೋದನು. ಯೇಸು ಅವನನ್ನು ಪ್ರೀತಿಸಿದನೆಂದು ಮಾರ್ಕನು ಸ್ಪಷ್ಟವಾಗಿ ಬರೆದಿದ್ದಾನೆ. ಆದರೂ ಆತನು ಅವನ ಬೆನ್ನು ಹತ್ತಲಿಲ್ಲ, ಹೆದರಿಸಲಿಲ್ಲ, ಆಮಿಷವೊಡ್ಡಲಿಲ್ಲ. 'ಒಲ್ಲೆ' ಎನ್ನುವ ಸ್ವಾತಂತ್ರ್ಯ ಎದುರಿನವನಿಗೆ ಇದ್ದಾಗ ಮಾತ್ರ ಅದು ಕರೆ, ಇಲ್ಲವಾದರೆ ಎಳೆತ.

ಜನರನ್ನು ಹೊಸ ಬದುಕಿಗೆ ಕರೆಯುವುದು ನಮ್ಮ ಸೀಮೆಗೆ ಅಪರಿಚಿತವಲ್ಲ. ಹುನಗುಂದ ತಾಲ್ಲೂಕಿನ ಕೂಡಲಸಂಗಮದ ನಂಟುಳ್ಳ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಮಾಡಿದ್ದೂ ಕರೆಯುವ ಕೆಲಸವನ್ನೇ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು 1975ರಲ್ಲಿ ಜೋಳಿಗೆ ಹಿಡಿದು, ಹಣವನ್ನಲ್ಲ, ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡತೊಡಗಿದರು. ಬೇಡುವವನು ಕಸಿದುಕೊಳ್ಳಲಾರ, ಕೊಡುವವನು ತಾನಾಗಿ ಕೊಡಬೇಕು. ಸುವಾರ್ತೆ ಸಾರುವವರೂ ಆ ಜೋಳಿಗೆಯಿಂದ ಕಲಿಯಬೇಕಾದ ಪಾಠವಿದೆ.

ಬಾದಾಮಿಗೆ ಸಮೀಪದ ಗುಳೇದಗುಡ್ಡ ಖಣದ ನೇಯ್ಗೆಗೆ ಹೆಸರಾದ ಊರು. ಬಾಸೆಲ್ ಮಿಶನ್ 1851ರಲ್ಲಿ ಅಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಅದೇ ಮಿಶನ್ನಿನಿಂದ 1853ರಲ್ಲಿ ಬಂದ ಕಿಟೆಲ್‌ರು 1862ರಲ್ಲಿ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಷಟ್ಪದಿಯಲ್ಲಿ ಹೇಳಿದರು. 1894ರಲ್ಲಿ ಅವರ ನಿಘಂಟು ಪ್ರಕಟವಾಯಿತು. ಹಂಚಿಕೊಳ್ಳಲು ಬಂದವರು ಮೊದಲು ಕೇಳುವವರ ಭಾಷೆಗೆ ಶಿಷ್ಯರಾದರು. ಇದು ನಾವು ಹೆಮ್ಮೆಪಡಬೇಕಾದ ಸಂಗತಿ.

ಆ ಶತಮಾನದಲ್ಲಿ ಇನ್ನೊಂದು ಸಂಗತಿಯೂ ಇದೆ. 1876–78ರ ಭೀಕರ ಬರ ಅಂದಿನ ಕಲಾದಗಿ ಜಿಲ್ಲೆಯನ್ನು ಹಿಂಡಿಹಾಕಿತು. ದಕ್ಷಿಣ ಭಾರತದ ಅನೇಕ ಕಡೆ ಮಿಶನ್‌ಗಳು ಹಸಿದವರಿಗೆ ಅನ್ನವಿಟ್ಟವು, ಅನಾಥ ಮಕ್ಕಳನ್ನು ಸಾಕಿದವು. ಅದು ಪುಣ್ಯದ ಕೆಲಸ. ಆದರೆ ಹೊಟ್ಟೆ ಹಸಿದವನು ಹೇಳುವ 'ಹೌದು' ಎಷ್ಟರಮಟ್ಟಿಗೆ ಅವನದು? ಈ ಪ್ರಶ್ನೆಯನ್ನು ಪರರು ಕೇಳುವ ಮೊದಲು ನಾವೇ ಕೇಳಿಕೊಳ್ಳಬೇಕು. ಹಸಿದವನಿಗೆ ರೊಟ್ಟಿ, ರೋಗಿಗೆ ಔಷಧ, ಮಗುವಿಗೆ ಅಕ್ಷರ: ಇವುಗಳಿಗೆ ಪ್ರತಿಯಾಗಿ ನಂಬಿಕೆಯನ್ನು ಕೇಳಬಾರದು. ಸೇವೆಗೆ ಬೆಲೆ ಕಟ್ಟಿದೊಡನೆ ಅದು ವ್ಯಾಪಾರವಾಗುತ್ತದೆ.

ಸಂವಿಧಾನದ 25ನೆಯ ವಿಧಿ ಧರ್ಮಪ್ರಸಾರದ ಹಕ್ಕನ್ನು ನೀಡಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರದ ಕುರಿತು ಕಾಯಿದೆ ಬಂದಿತು; ಅದನ್ನು ರದ್ದುಪಡಿಸಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಕಾಯಿದೆಗಳು ಬರುತ್ತವೆ, ಹೋಗುತ್ತವೆ. ಮನಸ್ಸಿನೊಳಗಿನ ಒಪ್ಪಿಗೆಯನ್ನು ಅಳೆಯುವ ಕೊಳಗ ಯಾವ ಅಧಿಕಾರಿಯ ಬಳಿಯೂ ಇಲ್ಲ. ಆದ್ದರಿಂದ ಕಾಯಿದೆಗಿಂತ ಬಿಗಿಯಾದ ನಿಯಮವನ್ನು ನಮ್ಮ ಸಭೆಗಳು ತಾವೇ ಪಾಲಿಸಬೇಕು.

ಇತರ ಬಂಧುಗಳಿಗೂ ಒಂದು ವಿನಂತಿ. 'ಒಲ್ಲೆ' ಎನ್ನುವ ಹಕ್ಕಿನ ಜೊತೆಗೇ 'ಒಪ್ಪಿದೆ' ಎನ್ನುವ ಹಕ್ಕೂ ಹುಟ್ಟುತ್ತದೆ. ವಯಸ್ಸಿಗೆ ಬಂದ ಗಂಡಾಗಲಿ ಹೆಣ್ಣಾಗಲಿ ಓದಿ, ಕೇಳಿ, ಯೋಚಿಸಿ ಒಂದು ದಾರಿ ಹಿಡಿದರೆ, ಅವರಿಗೆ ಊರಿನ ನೀರು, ಬೆಂಕಿ, ಮಾತು ತಪ್ಪಿಸುವುದು ಧರ್ಮರಕ್ಷಣೆಯಲ್ಲ. ಅದೂ ಎಳೆತವೇ, ದಿಕ್ಕು ಮಾತ್ರ ಬೇರೆ.

ನಿಮ್ಮಲ್ಲಿ ಕ್ರೈಸ್ತರಾದವರಿಗೆ ನನ್ನ ಕಿವಿಮಾತು ಇಷ್ಟೇ: ನಿಮ್ಮ ಭರವಸೆಗೆ ಕಾರಣವೇನೆಂದು ಕೇಳಿದವರಿಗೆ ಸೌಮ್ಯತೆಯಿಂದ ಉತ್ತರ ಕೊಡಲು ಸಿದ್ಧರಿರಿ ಎಂಬುದು ಪೇತ್ರನ ಬುದ್ಧಿವಾದ. ಹಾಗೆ ಯಾರಾದರೂ ಕೇಳಬೇಕಾದರೆ, ಕೇಳಬೇಕೆನಿಸುವಂತೆ ನಾವು ಮೊದಲು ಬದುಕಬೇಕು.