ಕದ್ದ ಪಿಡಿಎಫ್‌ಗೆ ಕನ್ನಡ ಸೇವೆಯ ಹೆಸರು

ಕನ್ನಡದ ಹೊಸ ಪುಸ್ತಕವೊಂದು ಸ್ವಲ್ಪ ಹೆಸರು ಮಾಡಿದರೆ ಸಾಕು, ಅದರ ಪಿಡಿಎಫ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗುತ್ತದೆ. ಹಾಕಿದವರಿಗೆ ಸಾಲುಸಾಲು ಕೈಮುಗಿತ. 'ಇವರದೇ ಇನ್ನೊಂದು ಕಾದಂಬರಿ ಇದ್ದರೆ ದಯವಿಟ್ಟು ಹಾಕಿ ಸರ್' ಎಂಬ ಬೇಡಿಕೆ. ಯಾರಾದರೂ ತಪ್ಪೆಂದರೆ ಉತ್ತರ ಸಿದ್ಧವಾಗಿರುತ್ತದೆ: ನಾವು ದುಡ್ಡಿಗೆ ಮಾರುತ್ತಿಲ್ಲ, ಓದುಗರೇ ಇಲ್ಲದ ಕಾಲದಲ್ಲಿ ಓದಿಸುತ್ತಿದ್ದೇವೆ, ಇದು 'ಫೇರ್ ಯೂಸ್'. ಹೀಗೆನ್ನುವವರು ಅವಿದ್ಯಾವಂತರಲ್ಲ. ಮೇಷ್ಟ್ರುಗಳು, ಎಂಜಿನಿಯರುಗಳು, ರಾಜ್ಯೋತ್ಸವದ ವೇದಿಕೆಯಲ್ಲಿ ಭಾಷಣ ಮಾಡುವವರು. ಹಾಗಾಗಿಯೇ ಈ ಮಾತುಗಳನ್ನು ಸುಮ್ಮನೆ ಬಿಡುವಂತಿಲ್ಲ.

ಫೇರ್ ಯೂಸ್ ಎಂಬುದು ಅಮೆರಿಕದ 1976ರ ಕೃತಿಸ್ವಾಮ್ಯ ಕಾಯ್ದೆಯ 107ನೇ ಸೆಕ್ಷನ್. ನಮ್ಮೂರಲ್ಲಿ ಕೂತು ಕನ್ನಡ ಚಿತ್ರದ ಹಾಡನ್ನು ಇಡಿಯಾಗಿ ಯೂಟ್ಯೂಬಿಗೆ ಏರಿಸುವವರೂ ಅದರ ಕೆಳಗೆ ಈ ಸೆಕ್ಷನ್ನನ್ನು ತಾಯಿತದಂತೆ ಕಟ್ಟುತ್ತಾರೆ. ಆ ಸೆಕ್ಷನ್ ಏನು ಹೇಳುತ್ತದೆಂದು ಓದಿದವರು ಎಷ್ಟು ಮಂದಿ? ಬಳಕೆಯ ಉದ್ದೇಶ, ಮೂಲಕೃತಿಯ ಸ್ವರೂಪ, ಎಷ್ಟು ಭಾಗ ತೆಗೆದುಕೊಂಡಿದ್ದೀರಿ, ಮೂಲಕೃತಿಯ ಮಾರಾಟಕ್ಕೆ ಎಷ್ಟು ಪೆಟ್ಟು ಬೀಳುತ್ತದೆ — ಈ ನಾಲ್ಕನ್ನೂ ಅಲ್ಲಿನ ನ್ಯಾಯಾಲಯ ತೂಗಿ ನೋಡುತ್ತದೆ. ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವವರು ಈ ತಕ್ಕಡಿಯಲ್ಲಿ ಗೆಲ್ಲುವುದು ಅಮೆರಿಕದಲ್ಲೂ ಕಷ್ಟ. ಇಂಟರ್ನೆಟ್ ಆರ್ಕೈವ್ ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ಅದು ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಎರವಲು ಕೊಡುತ್ತಿತ್ತು. ಕೋವಿಡ್ ಕಾಲದಲ್ಲಿ, ಒಂದು ಪ್ರತಿ ಒಮ್ಮೆಗೆ ಒಬ್ಬರಿಗೇ ಎಂಬ ಮಿತಿಯನ್ನೂ ಸಡಿಲಿಸಿತು. ನಾಲ್ಕು ದೊಡ್ಡ ಪ್ರಕಾಶನಗಳು 127 ಪುಸ್ತಕಗಳ ಹೆಸರು ಹಿಡಿದು ಮೊಕದ್ದಮೆ ಹೂಡಿದವು. 2023ರಲ್ಲಿ ಕೆಳ ನ್ಯಾಯಾಲಯ, 2024ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ, ಎರಡೂ ಇದು ಫೇರ್ ಯೂಸ್ ಅಲ್ಲವೆಂದವು. ಗ್ರಂಥಾಲಯದಂತೆ ನಡೆಯುವ ಸಂಸ್ಥೆಗೇ ದಕ್ಕದ ರಕ್ಷಣೆ ನಿಮ್ಮ ಟೆಲಿಗ್ರಾಂ ಚಾನೆಲ್ಲಿಗೆ ಹೇಗೆ ದಕ್ಕೀತು?

ಭಾರತದಲ್ಲಿ ನಡೆಯುವುದು 1957ರ ನಮ್ಮ ಕಾಯ್ದೆ. ಅದರ 52ನೇ ಸೆಕ್ಷನ್ ವಿನಾಯಿತಿಗಳನ್ನು ಒಂದೊಂದಾಗಿ ಹೆಸರಿಸುತ್ತದೆ: ಸಂಶೋಧನೆಯೂ ಸೇರಿ ಸ್ವಂತ ಬಳಕೆ, ವಿಮರ್ಶೆ, ಸುದ್ದಿ ವರದಿ, ಪಾಠಪ್ರವಚನ, ಹೀಗೆ. 1024 ಜನರ ವಾಟ್ಸಾಪ್ ಗುಂಪಿಗೆ ಕಾದಂಬರಿ ಕಳಿಸುವುದು ಯಾರ ಸ್ವಂತ ಬಳಕೆ? ಇನ್ನು ದುಡ್ಡಿನ ಮಾತು. 63ನೇ ಸೆಕ್ಷನ್ ಪ್ರಕಾರ ತಿಳಿದೂ ಹಕ್ಕು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿಲ್ಲವೆಂದರೆ, ವಿಶೇಷ ಕಾರಣ ಕೊಟ್ಟು ನ್ಯಾಯಾಲಯ ಶಿಕ್ಷೆಯನ್ನು ತಗ್ಗಿಸಬಹುದು. ತಗ್ಗಿಸಬಹುದು ಅಷ್ಟೆ, ಅಪರಾಧ ಅಪರಾಧವಾಗಿಯೇ ಉಳಿಯುತ್ತದೆ.

ಸರ್ವರ್ ಬೇರೆ ದೇಶದಲ್ಲಿದೆ, ನಮ್ಮನ್ನು ಯಾರು ಹಿಡಿಯುತ್ತಾರೆ ಎಂಬ ಧೈರ್ಯವೂ ಟೊಳ್ಳು. ತರಬೇತಿ ಪಾಠಗಳನ್ನು ಕದ್ದು ಹಂಚಿದ ಪ್ರಕರಣದಲ್ಲಿ, ತನ್ನ ಸರ್ವರ್ ಸಿಂಗಪುರದಲ್ಲಿದೆ, ಅಲ್ಲಿನ ಕಾನೂನು ಮಾಹಿತಿ ಕೊಡಲು ಬಿಡುವುದಿಲ್ಲ ಎಂದು ಟೆಲಿಗ್ರಾಂ ವಾದಿಸಿತ್ತು. ದೆಹಲಿ ಹೈಕೋರ್ಟ್ 2022ರಲ್ಲಿ ಅದನ್ನು ಒಪ್ಪದೆ, ಚಾನೆಲ್ ನಡೆಸುವವರ ಫೋನ್ ನಂಬರ್, ಇಮೇಲ್ ವಿವರಗಳನ್ನು ಕೊಡಲು ಆದೇಶಿಸಿತು. ಗಡಿ ದಾಟಿದರೆ ಲೆಕ್ಕ ಬದಲಾಗುವುದು ನಿಜ. ಜಾರ್ಜ್ ಆರ್ವೆಲ್ ತೀರಿಕೊಂಡದ್ದು 1950ರಲ್ಲಿ. ಅವನ '1984' ಕಾದಂಬರಿ ಭಾರತದಲ್ಲಿ 2011ರಿಂದ, ಬ್ರಿಟನ್ನಿನಲ್ಲಿ 2021ರಿಂದ ಎಲ್ಲರ ಸೊತ್ತು. ಅಮೆರಿಕದಲ್ಲಿ 2044 ಮುಗಿಯುವವರೆಗೂ ಅದಕ್ಕೆ ಹಕ್ಕುದಾರರಿದ್ದಾರೆ. ಬೆಂಗಳೂರಿನ ಗೆಳೆಯ ನಿರಾತಂಕವಾಗಿ ಹಂಚುವ ಕಡತವನ್ನು ನ್ಯೂಜೆರ್ಸಿಯ ಕನ್ನಡಿಗ ತನ್ನ ಗುಂಪಿಗೆ ಹಾಕಿದರೆ ಅವನಿಗೆ ಅನ್ವಯಿಸುವುದು ಅಲ್ಲಿನ ಕಾನೂನು. ಅಮೆರಿಕದ ವಿನಾಯಿತಿಯನ್ನು ಇಲ್ಲಿ, ಭಾರತದ ಅವಧಿಯನ್ನು ಅಲ್ಲಿ, ಅನುಕೂಲ ಬಂದಂತೆ ಎತ್ತಿಕೊಳ್ಳುವ ಚಾಳಿಯನ್ನು ಯಾವ ದೇಶದ ಕಾನೂನೂ ಒಪ್ಪಿಲ್ಲ.

ನನಗೆ ಹೆಚ್ಚು ಸಿಟ್ಟು ಬರಿಸುವುದು ಬೇರೊಂದು. ಕಾನೂನು ನಿಜವಾಗಿಯೂ ತೆರೆದಿಟ್ಟ ಬಾಗಿಲುಗಳತ್ತ ಈ ಸೇವಕರು ತಿರುಗಿಯೂ ನೋಡುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಪ್ರಕಾಶನಗಳು ಹೂಡಿದ ಮೊಕದ್ದಮೆಯಲ್ಲಿ, ಪಾಠಕ್ಕೆ ಬೇಕಾದ ಭಾಗಗಳನ್ನು ನಕಲು ಮಾಡಿ ವಿದ್ಯಾರ್ಥಿಗಳಿಗೆ ಒದಗಿಸಬಹುದೆಂದು ಹೈಕೋರ್ಟ್ 2016ರಲ್ಲಿ ಹೇಳಿತು. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಹಕ್ಕಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಉಯಿಲಿನಿಂದ ಹಕ್ಕು ಪಡೆದವರ ಪರ ಬಂದ ನಿರ್ಬಂಧವನ್ನು ಉಳಿಸಿಕೊಂಡೇ, 52ನೇ ಸೆಕ್ಷನ್ನಿನೊಳಗೆ ಬರುವ ಪ್ರದರ್ಶನಗಳಿಗೆ ದಾರಿ ಬಿಟ್ಟಿತು. ಕಣ್ಣು ಕಾಣದವರಿಗೆ ಓದಲಾಗುವ ರೂಪಕ್ಕೆ ಪುಸ್ತಕವನ್ನು ತರಲು ನಮ್ಮ ಕಾಯ್ದೆಯಲ್ಲೇ ಅವಕಾಶವಿದೆ. ಪಿಡಿಎಫ್ ವೀರರಲ್ಲಿ ಎಷ್ಟು ಜನ ಒಂದೇ ಒಂದು ಕನ್ನಡ ಪುಸ್ತಕವನ್ನು ಅಂಧ ಓದುಗರಿಗಾಗಿ ಸಿದ್ಧಪಡಿಸಿದ್ದಾರೆ?

ನಮ್ಮಲ್ಲಿ ಹಕ್ಕು ಯಾವಾಗ ಮುಗಿಯುತ್ತದೆಂದು ತಿಳಿಯಲು ಲೇಖಕರು ತೀರಿಕೊಂಡ ವರ್ಷಕ್ಕೆ ಅರವತ್ತು ಕೂಡಿಸುವುದು ದೊಡ್ಡ ಗಣಿತವಲ್ಲ. ಬಿಎಂಶ್ರೀ ಮತ್ತು ಕೈಲಾಸಂ ಇಬ್ಬರೂ 1946ರಲ್ಲಿ ಹೋದರು. ತ್ರಿವೇಣಿ 1963ರಲ್ಲಿ. ಇವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ್ದನ್ನೆಲ್ಲ ಇಂದು ಯಾರ ಅಪ್ಪಣೆಯೂ ಇಲ್ಲದೆ ಟೈಪ್ ಮಾಡಿ, ಕರಡು ತಿದ್ದಿ ಎಲ್ಲರಿಗೂ ಕೊಡಬಹುದು. ಆ ಶ್ರಮಕ್ಕೆ ಜನವಿಲ್ಲ. ಡಿವಿಜಿಯವರ ಹಕ್ಕು 2035 ಮುಗಿಯುವವರೆಗೆ, ಕುವೆಂಪು ಅವರದು 2054, ತೇಜಸ್ವಿಯವರದು 2067ರವರೆಗೆ ಇದೆ. ಗುಂಪುಗಳಲ್ಲಿ ಎಲ್ಲರಿಗೂ ಬೇಕಾಗಿರುವುದು ಇವರದೇ ಪುಸ್ತಕಗಳು, ಅಥವಾ ಇನ್ನೂ ನಮ್ಮ ನಡುವೆ ಬದುಕಿ ಬರೆಯುತ್ತಿರುವವರದು. ಅರವತ್ತು ವರ್ಷ ತುಂಬ ದೀರ್ಘವಾಯಿತು ಎಂಬ ವಾದದಲ್ಲಿ ಹುರುಳಿದೆ. ಮೊದಲು ಐವತ್ತೇ ಇತ್ತು, ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ ಇನ್ನೂ ಹತ್ತು ಸೇರಿಸಿದರು. ಬೇಡವೆನ್ನುವವರು ಸಂಸದರಿಗೆ ಬರೆಯಲಿ, ಸಭೆ ಸೇರಿಸಲಿ, ನಾನೂ ಸಹಿ ಹಾಕುತ್ತೇನೆ.

ಕನ್ನಡದ ಸಣ್ಣ ಪ್ರಕಾಶಕರು ಐನೂರೋ ಸಾವಿರವೋ ಪ್ರತಿ ಅಚ್ಚು ಹಾಕಿಸಿ, ಅವು ಖರ್ಚಾದ ಮೇಲೆ ಮುಂದಿನ ಪುಸ್ತಕಕ್ಕೆ ಕಾಗದ ಕೊಳ್ಳುತ್ತಾರೆ. ಅವರಿಗೆ ಇಂಗ್ಲಿಷ್ ಪ್ರಕಾಶನಗಳಂತೆ ವಕೀಲರ ದಂಡಿಲ್ಲ, ಅದು ನಿಮಗೂ ಗೊತ್ತು. ಗೊತ್ತಿರುವುದರಿಂದಲೇ ಹಂಚುತ್ತೀರಿ. ಗುಂಪಿನ ಅಡ್ಮಿನ್‌ಗಳೇ, ಬದುಕಿರುವ ಲೇಖಕರ ಪುಸ್ತಕಗಳನ್ನು ಇವತ್ತೇ ತೆಗೆಯಿರಿ. ಬೇಕೇಬೇಕೆಂದರೆ ಅವರಿಗೇ ಫೋನ್ ಮಾಡಿ ಕೇಳಿ, ಪುಸ್ತಕದ ಮೊದಲ ಪುಟಗಳಲ್ಲೇ ಪ್ರಕಾಶಕರ ನಂಬರ್ ಇರುತ್ತದೆ.