ಚುಕ್ಕಿ, ಗೆರೆ ಮತ್ತು ಅಣುವಿನೊಳಗಿನ ವಿದ್ಯುತ್ತು

ಹೊಸ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿದೆ, ಕನ್ನಡ ಮಾಧ್ಯಮದವರಿಗೆ ಅದು ಎಟುಕದು ಎಂಬ ಮಾತು ಕೊಲ್ಲಾಪುರ ಜಿಲ್ಲೆಯ ನಮ್ಮಂಥ ಗಡಿನಾಡಿನ ಮಕ್ಕಳ ಕಿವಿಗೆ ನಿತ್ಯ ಬೀಳುತ್ತದೆ. ಗಡಹಿಂಗ್ಲಜದ ಸಂತೆಯಲ್ಲೂ ಇದೇ ಮಾತು, ಇಚಲಕರಂಜಿಯ ಮಗ್ಗದ ಮನೆಗಳಲ್ಲೂ ಇದೇ ಮಾತು. ನಾನು ಇದನ್ನು ಒಪ್ಪುವುದಿಲ್ಲ. ಇಂದಿನ ವಿಜ್ಞಾನದ ಒಂದು ಕಠಿಣ ಪ್ರಶ್ನೆಯನ್ನು ಪೆನ್ಸಿಲು ಮತ್ತು ಒಂದು ಹಾಳೆಯಿಂದ ಬಿಡಿಸಬಹುದೆಂದು ಇಲ್ಲಿ ತೋರಿಸಬಯಸುತ್ತೇನೆ.

ಪ್ರಶ್ನೆ ಇದು: ಒಂದೇ ಒಂದು ಅಣುವಿನ ಎರಡು ಕಡೆಗೆ ತಂತಿ ಜೋಡಿಸಿದರೆ ವಿದ್ಯುತ್ತು ಹರಿಯುವುದೇ? 1974ರಲ್ಲಿ ಅವಿರಾಮ್ ಮತ್ತು ರ‍್ಯಾಟ್ನರ್ ಎಂಬ ವಿಜ್ಞಾನಿಗಳು, ಒಂಟಿ ಅಣುವೇ ವಿದ್ಯುತ್ ಸಾಧನವಾಗಬಲ್ಲದು ಎಂದು ಲೆಕ್ಕ ಹಾಕಿ ತೋರಿಸಿದರು. 1997ರಲ್ಲಿ ಮಾರ್ಕ್ ರೀಡ್ ಮತ್ತು ಜೇಮ್ಸ್ ಟೂರ್ ಅವರ ತಂಡ ಚಿನ್ನದ ಎರಡು ಮೊನೆಗಳ ನಡುವೆ ಬೆಂಜೀನ್ ಉಂಗುರವುಳ್ಳ ಅಣುವನ್ನು ಸಿಕ್ಕಿಸಿ ಅದರ ವಹನವನ್ನು ಅಳೆಯಿತು. ಆ ಉಂಗುರದ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ.

ಬೆಂಜೀನ್ ನಮಗೆ ಇಂಗಾಲದ ಪಾಠದಲ್ಲಿ ಪರಿಚಿತ. ಅದರ ಆರು ಇಂಗಾಲದ ಪರಮಾಣುಗಳನ್ನು ಆರು ಚುಕ್ಕಿಗಳೆಂದೂ ಬಂಧಗಳನ್ನು ಗೆರೆಗಳೆಂದೂ ಬರೆಯಿರಿ; ಅಂಗಳದ ರಂಗೋಲಿಯಷ್ಟೇ ಸುಲಭ. ಗಣಿತಜ್ಞರು ಇದಕ್ಕೆ ಗ್ರಾಫ್ ಎನ್ನುತ್ತಾರೆ. (ನಾವು ಚೌಕುಳಿ ಕಾಗದದ ಮೇಲೆ ಎಳೆಯುವ ಗ್ರಾಫ್ ಬೇರೆ. ಈ ಗ್ರಾಫಿಗೆ ಆ ಹೆಸರು ಕೊಟ್ಟವನು ಸಿಲ್ವೆಸ್ಟರ್, 1878ರಲ್ಲಿ. ಅದೂ ರಸಾಯನಶಾಸ್ತ್ರದ ಚಿತ್ರಗಳನ್ನು ನೋಡಿ.) ಒಂದು ಚುಕ್ಕಿಯನ್ನು ಕಪ್ಪು ಮಾಡಿ, ಮುಂದಿನದನ್ನು ಬಿಳಿಯಾಗಿ ಬಿಡಿ, ಹೀಗೇ ಸುತ್ತಿ ಬನ್ನಿ. ತಂತಿಗಳು ಒಂದೇ ಬಣ್ಣದ ಎರಡು ಚುಕ್ಕಿಗಳಿಗೆ ತಗುಲಿದ್ದರೆ ವಿದ್ಯುತ್ತು ಹರಿಯದು. ಬೇರೆ ಬಣ್ಣದವಾದರೆ ಆ ಎರಡನ್ನು ಅಳಿಸಿ ನೋಡಿ: ಉಳಿದ ಚುಕ್ಕಿಗಳು ಗೆರೆಗಳ ಗುಂಟ ಇಬ್ಬಿಬ್ಬರಾಗಿ ಜೋಡಿಯಾದರೆ ಹರಿಯುತ್ತದೆ, ಯಾವನಾದರೂ ಒಂಟಿ ಉಳಿದರೆ ಇಲ್ಲ. ಹೀಗೆ ಬೆಂಜೀನಿನಲ್ಲಿ 1 ಮತ್ತು 4ರ ನಡುವೆ ಹರಿಯುತ್ತದೆ, 1 ಮತ್ತು 2ರ ನಡುವೆಯೂ ಹರಿಯುತ್ತದೆ. 1 ಮತ್ತು 3ರ ನಡುವೆ ಮಾತ್ರ ಇಲ್ಲ. ನಾಲ್ಕು ಚುಕ್ಕಿಗಳ ಸರಪಳಿಯಂತಿರುವ ಬ್ಯುಟಾಡೈಯೀನ್ ಇನ್ನೂ ವಿಚಿತ್ರ: ಎರಡು ತುದಿಗಳ ನಡುವೆ ಹರಿಯುವ ವಿದ್ಯುತ್ತು, ಪಕ್ಕಪಕ್ಕದಲ್ಲೇ ಕುಳಿತ 2 ಮತ್ತು 3ರ ನಡುವೆ ಹರಿಯದು!

ಮಗ್ಗದ ಶೆಡ್ಡಿಗೆ ಲೈನು ಎಳೆಯುವ ವಾಯರಮನ್ ಇದನ್ನು ಕೇಳಿದರೆ ನಗುತ್ತಾನೆ. ಎರಡು ದಾರಿ ಇದ್ದರೆ ರೋಧ ಕಡಿಮೆಯಾಗಬೇಕು, ಕಿರ್ಕಾಫನ ನಿಯಮ ಹೇಳುವುದೂ ಅದನ್ನೇ. ಆದರೆ ಅಣುವಿನೊಳಗೆ ಇಲೆಕ್ಟ್ರಾನು ಅಲೆಯಂತೆ ವರ್ತಿಸುತ್ತದೆ. ಅದರ ಒಂದು ಪೂರ್ಣ ಅಲೆ ಸುಮಾರು ನಾಲ್ಕು ಬಂಧಗಳಷ್ಟು ಉದ್ದ. 1ರಿಂದ 3ಕ್ಕೆ ಒಂದು ದಾರಿ ಎರಡು ಬಂಧ, ಇನ್ನೊಂದು ನಾಲ್ಕು ಬಂಧ; ಅಂತರ ಅರ್ಧ ಅಲೆ. ಒಂದು ದಾರಿಯ ಉಬ್ಬು ಇನ್ನೊಂದರ ತಗ್ಗಿಗೆ ಕೂಡಿ ಎರಡೂ ಅಳಿಸಿಹೋಗುತ್ತವೆ. ನಿಜವಾದ ಅಣುವಿನಲ್ಲಿ ವಹನ ಪೂರ್ತಿ ಸೊನ್ನೆಯಾಗುವುದಿಲ್ಲ, ತೀರ ಕಡಿಮೆಯಾಗುತ್ತದೆ. ಚುಕ್ಕಿ ಗೆರೆಗಳ ಚಿತ್ರದಲ್ಲಿ ಬಿಟ್ಟುಹೋದ ಇಲೆಕ್ಟ್ರಾನುಗಳೂ ಇವೆಯಲ್ಲ! ಆದರೂ ಎಲ್ಲಿ ತಂತಿ ಜೋಡಿಸಬಾರದೆಂದು ಇಷ್ಟು ಸರಳ ಚಿತ್ರ ಮುಂಚಿತವಾಗಿ ಹೇಳುವುದು ಸಾಮಾನ್ಯವಲ್ಲ.

ಇದು ದೂರದೇಶದವರ ವಿದ್ಯೆ ಮಾತ್ರ ಎನ್ನುವವರು ಸಂಕೇಶ್ವರ, ಬೆಳಗಾವಿ ದಾಟಿ ಧಾರವಾಡದವರೆಗೆ ಹೋಗಿ ಬರಲಿ. ಅಣುಗಳ ಗ್ರಾಫಿಗೆ ‘ಶಕ್ತಿ’ ಎಂಬ ಅಳತೆಯನ್ನು ಸರ್ಬಿಯಾದ ಇವಾನ್ ಗುಟ್ಮನ್ 1978ರಲ್ಲಿ ಕೊಟ್ಟರು. ಬೇರೆ ಬೇರೆ ಆಕಾರವಿದ್ದೂ ಸಮಾನ ಶಕ್ತಿಯಿರುವ ಗ್ರಾಫುಗಳ ಮೇಲೆ ಎಚ್. ಎಸ್. ರಾಮಣೆ, ಎಚ್. ಬಿ. ವಾಲೀಕಾರ ಮೊದಲಾದ ನಮ್ಮ ಭಾಗದ ಗಣಿತಜ್ಞರು 2004ರಲ್ಲಿ ಅದೇ ಗುಟ್ಮನ್ ಅವರ ಜೊತೆಗೂಡಿ ಪ್ರಬಂಧ ಬರೆದರು.

ಆದುದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ಗ್ರಾಫ್ ಸಿದ್ಧಾಂತದ ಒಂದು ಪಾಠ ಹತ್ತನೆಯ ತರಗತಿಯೊಳಗೇ ಬರಬೇಕು, ಬಾಲಭಾರತಿಯ ಕನ್ನಡ ಪುಸ್ತಕದಲ್ಲಿ ಕನ್ನಡದಲ್ಲೇ ಬರಬೇಕು. ಕರ್ನಾಟಕದ ಹತ್ತನೆಯ ತರಗತಿಯಲ್ಲಿ ಹಿಂದೆ ‘ಜಾಲಾಕೃತಿ’ ಎಂಬ ಪಾಠವಿತ್ತು. ಮಕ್ಕಳು ಅದನ್ನು ಆಟದಂತೆ ಕಲಿಯುತ್ತಿದ್ದರು. ಪಠ್ಯ ಈಗಲೇ ಭಾರವಾಗಿದೆ ಎಂಬ ಆಕ್ಷೇಪಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಯಿಪಾಠದ ನಾಲ್ಕು ಸೂತ್ರ ತೆಗೆದರೆ ಈ ಒಂದು ಪಾಠಕ್ಕೆ ಜಾಗ ಸಿಗುತ್ತದೆ. ಹತ್ತನೆಯ ತರಗತಿ ಮುಗಿಸಿ ಮರಾಠಿಗೋ ಇಂಗ್ಲಿಷಿಗೋ ದಾಟುವ ನಮ್ಮ ಹುಡುಗ ಹುಡುಗಿಯರು, ತಮ್ಮ ಭಾಷೆಯಲ್ಲಿ ಒಮ್ಮೆಯಾದರೂ ಹೊಸ ವಿಜ್ಞಾನವನ್ನು ಕೈಯಾರೆ ಬಿಡಿಸಿ ಹೋಗಲಿ. ಆಮೇಲೆ ಕಷ್ಟವಾಗುವ ಭಾಷೆ ಅವರನ್ನು ಅಷ್ಟು ಹೆದರಿಸದು.

ಪಾಠ ಬರುವವರೆಗೆ ಕಾಯಬೇಕಾಗಿಲ್ಲ. ಪೆಟ್ಟಿಗೆಯ ಬಟ್ಟೆಯಲ್ಲಿ ಇಡುವ ಡಾಂಬರು ಗುಳಿಗೆಯ ನ್ಯಾಫ್ತಲೀನ್, ಒಂದು ಗೆರೆಯನ್ನು ಹಂಚಿಕೊಂಡ ಎರಡು ಷಟ್ಕೋನಗಳು. ಒಟ್ಟು ಹತ್ತು ಚುಕ್ಕಿ. ಐದು ಕಪ್ಪು, ಐದು ಬಿಳಿ ಮಾಡಿ, ಯಾವ ಎರಡಕ್ಕೆ ತಂತಿ ಕಟ್ಟಿದರೆ ವಿದ್ಯುತ್ತು ನಿಲ್ಲುವುದೆಂದು ರಜೆಯಲ್ಲಿ ಹುಡುಕಿ ನೋಡಿ.