ತವರಿನ ನೀರು, ತವರಿನ ಬೆಂಕಿ

ಮನೆಯ ಹೊಣೆ ಮಕ್ಕಳ ಹೆಗಲಿಗೇರಿದ ಮೇಲೆ ಹಿಂದಿನ ಕಾಲದ ಹಿರಿಯರು ಕಾಶಿಗೋ ರಾಮೇಶ್ವರಕ್ಕೋ ಹೊರಡುತ್ತಿದ್ದರು. ಹೋದವರು ಮರಳಿ ಬರುವುದೇ ಸಂಶಯವೆಂಬ ಕಾಲವದು. ಆದರೂ ಹೋಗಬೇಡಿರೆಂದು ತಡೆಯುವವರು ಯಾರೂ ಇರಲಿಲ್ಲ. ಈಗ ರಸ್ತೆಗಳು ನೇರ್ಪಟ್ಟಿವೆ, ವಾಹನಗಳ ಆಸನಗಳು ಮೆತ್ತಗಾಗಿವೆ. ವೃದ್ಧರ ಕಾಲು ಮಾತ್ರ ಹೊಸ್ತಿಲ ಒಳಗೇ ಉಳಿದಿದೆ. ಅದನ್ನು ಕಟ್ಟಿರುವ ಹಗ್ಗಕ್ಕೆ ಮಕ್ಕಳ ಮಮತೆಯೆಂದು ಹೆಸರು.

ಧಾರವಾಡದ ಮಾಳಮಡ್ಡಿಯಲ್ಲಿರುವ ನಿವೃತ್ತ ಭೂಗೋಲ ಮಾಸ್ತರರೊಬ್ಬರ ಮನೆಯಲ್ಲಿ ನಡೆದುದೂ ಇದೇ. ಹುಬ್ಬಳ್ಳಿ-ಧಾರವಾಡಗಳ ಹತ್ತು ಮಂದಿ ಹಿರಿಯರು ಕೂಡಿ ಒಂದು ಸಣ್ಣ ಬಸ್ಸನ್ನು ಗೊತ್ತುಮಾಡಿ ನಾಲ್ಕು ದಿನಗಳ ಪ್ರವಾಸಕ್ಕೆ ಅಣಿಯಾಗಿದ್ದರು. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಬೋಧಿಸಿ ವಿಶ್ರಾಂತರಾದ ಗೃಹಸ್ಥರೊಬ್ಬರು ಜೊತೆಗೆ ಬಂದು, ಕಂಡದ್ದರ ಮರ್ಮವನ್ನು ತಿಳಿಸಿ ಹೇಳಲು ಒಪ್ಪಿದ್ದರು. ನೋಡತಕ್ಕವು ಎರಡೇ: ಜಲಪಾತ ಮತ್ತು ಜ್ವಾಲಾಮುಖಿ. ಸುದ್ದಿ ತಿಳಿದೊಡನೆ ಬೆಂಗಳೂರಿನಲ್ಲಿದ್ದ ಮಗ ಫೋನಿನಲ್ಲಿ ಗದರಿದ.

“ಅಪ್ಪಾ, ಎಪ್ಪತ್ತೆರಡನೇ ವರ್ಷಕ್ಕ ಜ್ವಾಲಾಮುಖಿ ನೋಡೋದೇನದ? ಅವ್ವನ ಮೊಣಕಾಲು, ನಿಮ್ಮ ಸಕ್ಕರಿ ಬ್ಯಾನಿ, ಎಲ್ಲಾ ಮರತೀರೇನು? ಟಿ.ವಿ.ಯೊಳಗ ತೋರಸ್ತಾರ, ಅಲ್ಲೇ ನೋಡ್ರಿ.”

ಮಾಸ್ತರರು ಸುಮ್ಮನಾದರು. ಉತ್ತರ ಕೊಟ್ಟವರು ಅವರ ಪತ್ನಿ: “ನಲವತ್ತು ವರ್ಷ ಸೋಮೇಶ್ವರಕ್ಕ ಹೋಗಿ ಶಾಲ್ಮಲೆಗೆ ಕೈ ಮುಗದೀನಿ. ಆಕಿ ಅಲ್ಲಿಂದ ಮುಂದ ಎಲ್ಲಿಗೆ ಹೋಗ್ತಾಳಂತ ಒಮ್ಮೆನೂ ನೋಡಿಲ್ಲ. ಈಗ ನೋಡಲಿಲ್ಲಂದ್ರ ಇನ್ನ್ಯಾವಾಗ ನೋಡಲಿ?”

ಆ ಪ್ರಶ್ನೆಗೆ ಮಗನ ಬಳಿ ಉತ್ತರವಿರಲಿಲ್ಲ.

ಧಾರವಾಡದ ದಕ್ಷಿಣದಂಚಿನ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವ ಶಾಲ್ಮಲೆ ನೋಡುವುದಕ್ಕೆ ಬಡಕಲು ತೊರೆ. ಹುಬ್ಬಳ್ಳಿಯ ಕಡೆಯ ನೀರನ್ನು ಕಲಘಟಗಿಯ ಹತ್ತಿರ ಕೂಡಿಕೊಂಡು ಬೇಡ್ತಿಯಾಗುತ್ತದೆ. ಯಲ್ಲಾಪುರದ ಕಾಡುಗಳನ್ನು ಹೊಕ್ಕು ಮಾಗೋಡಿನಲ್ಲಿ ಸುಮಾರು 200 ಮೀಟರು ಆಳಕ್ಕೆ ಎರಡು ನೆಗೆತಗಳಲ್ಲಿ ಧುಮುಕುತ್ತದೆ. ಕೊನೆಗೆ ಗಂಗಾವಳಿಯೆಂಬ ಹೆಸರು ಹೊತ್ತು ಸಮುದ್ರವನ್ನು ಸೇರುತ್ತದೆ. ಹುಟ್ಟಿನಿಂದ ಕಡಲಿನವರೆಗೆ ಅದರ ಪಯಣ ಸುಮಾರು 150 ಕಿಲೋಮೀಟರು ಮಾತ್ರ. ಒಂದು ನದಿಯ ಇಡೀ ಜೀವನವನ್ನು ಒಂದೇ ಹಗಲಿನಲ್ಲಿ ಕಣ್ಣಾರೆ ಕಾಣುವ ಭಾಗ್ಯ ಎಲ್ಲ ಊರಿನವರಿಗೂ ಇಲ್ಲ.

ಮಳೆ ಹಿಂದೆಗೆದು, ಹೊಳೆಯಲ್ಲಿ ಇನ್ನೂ ನೀರು ತುಂಬಿದ್ದ ದಿನಗಳಲ್ಲಿ ತಂಡ ಹೊರಟಿತು. ಮಾರ್ಗದರ್ಶಕರ ನಿಯಮಗಳು ಸರಳವಾಗಿದ್ದವು. ಎರಡು ಗಂಟೆಗೊಮ್ಮೆ ಬಸ್ಸು ನಿಲ್ಲಬೇಕು. ಊಟ, ಔಷಧಗಳ ಹೊತ್ತು ತಪ್ಪಬಾರದು. ಕತ್ತಲಾದ ಮೇಲೆ ಪ್ರಯಾಣ ಕೂಡದು. ಹತ್ತಲಾರದವರನ್ನು ಯಾರೂ ಒತ್ತಾಯಿಸಬಾರದು, ಹತ್ತಬಲ್ಲವರನ್ನು ಯಾರೂ ತಡೆಯಬಾರದು.

ಮಾಗೋಡಿನಲ್ಲಿ ಇಳಿದು ಹತ್ತುವ ಪ್ರಮೇಯವೇ ಇಲ್ಲ. ಕಣಿವೆಯ ಈ ಬದಿಯಲ್ಲಿ ನಿಂತರೆ ಆ ಬದಿಯ ಹಸುರಿನ ನಡುವೆ ಬಿಳಿಯ ಧಾರೆ ಕಾಣುತ್ತದೆ. ಮಾಸ್ತರರ ಪತ್ನಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದರು: “ಗಂಡನ ಮನಿಗೆ ಹೋದ ಮಗಳನ್ನ ನೋಡಿಧಂಗ ಆತು. ತವರಾಗ ಎಷ್ಟು ಸಣ್ಣಾಕಿ ಇದ್ದಳು!”

ಮರುದಿನ ಶಿರಸಿ, ಸಿದ್ದಾಪುರಗಳ ದಾರಿಯಾಗಿ ಜೋಗ. ಶರಾವತಿ 253 ಮೀಟರು ಎತ್ತರದಿಂದ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ ಬೀಳುವ ಆ ಸ್ಥಳವನ್ನು ವರ್ಣಿಸುವ ಅಗತ್ಯವಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ನದಿಯ ನೀರು ವಿದ್ಯುತ್ತಿಗೆ ಸಂದಿದೆ. ಬೇಸಗೆಯಲ್ಲಿ ಹೋದವರಿಗೆ ಬಂಡೆಯ ದರ್ಶನವೇ ಹೆಚ್ಚು. ಕೆಳಗಿಳಿಯಲು ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳಿವೆ. ಮಾಸ್ತರರು ಹುರುಪಿನಿಂದ ಇಳಿಯತೊಡಗಿದರು. ಮಾರ್ಗದರ್ಶಕರು ತಡೆಯಲಿಲ್ಲ, “ಇಳದಷ್ಟೂ ಹತ್ತಬೇಕ್ರಿ, ಮಾಸ್ತರ” ಎಂದಷ್ಟೇ ನುಡಿದು ಜೊತೆಗೆ ಹೆಜ್ಜೆ ಹಾಕಿದರು. ಐವತ್ತು ಮೆಟ್ಟಿಲಾದ ಮೇಲೆ ಮಾಸ್ತರರು ತಾವಾಗಿಯೇ ನಿಂತು, ಅಲ್ಲಿಂದಲೇ ನೋಡಿ ತೃಪ್ತಿಯಿಂದ ಹಿಂದಿರುಗಿದರು. ಮಕ್ಕಳು ಬೇಡವೆಂದಾಗ ಹುಟ್ಟುವ ಹಠ, ತನ್ನ ದೇಹದ ಮಾತನ್ನು ತಾನೇ ಕೇಳಿದಾಗ ಹುಟ್ಟುವುದಿಲ್ಲ.

ಇನ್ನು ಜ್ವಾಲಾಮುಖಿ. ಭಾರತದಲ್ಲಿ ಈಗಲೂ ಜೀವಂತವಾಗಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪವೊಂದೇ. ಬಹುಕಾಲ ಮಲಗಿದ್ದು 1991ರಲ್ಲಿ ಮತ್ತೆ ಎಚ್ಚೆತ್ತಿತು. ಕನ್ನಡ ನಾಡಿನ ಬೆಂಕಿಯಾದರೋ ಆರಿ ಯುಗಗಳೇ ಕಳೆದಿವೆ. ಮಲ್ಪೆಯ ಸಮುದ್ರದಲ್ಲಿರುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಮಡಗಾಸ್ಕರವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಶಿಲಾರಸದಿಂದ ಆದವು. ದೋಣಿ ಹತ್ತಿಳಿಯುವುದು ಮುದುಕರಿಗೆ ಪ್ರಯಾಸವೆಂದು ತಂಡ ಅದನ್ನು ಬಿಟ್ಟು, ಶಿವಮೊಗ್ಗದ ಮೇಲಿಂದ ಚಿತ್ರದುರ್ಗ ತಲುಪಿತು. ಅಲ್ಲಿಂದ ಹಿರಿಯೂರಿನ ಕಡೆಗೆ ಐಮಂಗಲದ ಸಮೀಪದಲ್ಲಿದೆ ಮರಡಿಹಳ್ಳಿ.

ಮರಡಿಹಳ್ಳಿಯಲ್ಲಿ ಪರ್ವತವಿಲ್ಲ, ಹೊಗೆಯಿಲ್ಲ. ತಲೆದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಉಬ್ಬುಬ್ಬಾದ ಕಲ್ಲುಗಳಿವೆ. ಹೇಳುವವರಿಲ್ಲದಿದ್ದರೆ ಯಾರೂ ಅವುಗಳತ್ತ ತಿರುಗಿಯೂ ನೋಡರು. ಮಾರ್ಗದರ್ಶಕರು ಹೇಳಿದರು: ಸುಮಾರು 250 ಕೋಟಿ ವರ್ಷಗಳ ಹಿಂದೆ ಅಲ್ಲಿ ನೀರಿತ್ತು. ನೀರಿನ ತಳದಲ್ಲಿ ನೆಲ ಬಿರಿದು ಶಿಲಾರಸ ಹೊರಬಂತು. ತಣ್ಣೀರು ತಗುಲಿದೊಡನೆ ಮೇಲಿನ ಸಿಪ್ಪೆ ಗಟ್ಟಿಯಾಯಿತು. ಒಳಗೆ ಇನ್ನೂ ಕುದಿಯುತ್ತಿದ್ದ ರಸ ಸಿಪ್ಪೆಯನ್ನೊಡೆದು ನುಗ್ಗಿ ಮತ್ತೊಂದು ದಿಂಬಾಯಿತು, ಅದರಿಂದ ಇನ್ನೊಂದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆ ಈ ಕಲ್ಲುಗಳಿಗಿದೆ. ಇವು ಸೇರಿದ ಪ್ರಾಚೀನ ಶಿಲಾವರ್ಗಕ್ಕೆ 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇಟ್ಟ ಹೆಸರು ಧಾರವಾಡದ್ದೇ. ಜಗತ್ತಿನ ಭೂಗರ್ಭಶಾಸ್ತ್ರಜ್ಞರೆಲ್ಲ ಇಂದಿಗೂ ಆ ಹೆಸರನ್ನು ಬಲ್ಲರು.

ಮಾಸ್ತರರು ಮೆಲ್ಲನೆ ಬಾಗಿ ಕಲ್ಲಿನ ಮೇಲೆ ಅಂಗೈಯಿಟ್ಟರು. “ಮೂವತ್ತು ವರ್ಷ ಹುಡುಗರಿಗೆ ‘ಧಾರವಾಡ ಶಿಲೆ’ ಅಂತ ಬಾಯಿಪಾಠ ಮಾಡಿಸೀನಿ. ಪರೀಕ್ಷಾದಾಗ ಬರೀಲಿಲ್ಲಂದ್ರ ಅಂಕ ಕಡದೀನಿ. ನಾನೇ ಇದನ್ನ ಮುಟ್ಟಿರಲಿಲ್ಲ” ಎಂದರು. ಸುತ್ತಲಿದ್ದವರು ನಗಲಿಲ್ಲ.

ತಾರುಣ್ಯದಲ್ಲಿ ನೋಡಲು ಕಾಲಿನ ಬಲವಿದ್ದರೂ ಬಿಡುವಿರುವುದಿಲ್ಲ. ಬಿಡುವು ದೊರೆಯುವ ಹೊತ್ತಿಗೆ ಬಲ ಕುಂದುತ್ತದೆ. ಆದರೆ ಕಂಡದ್ದನ್ನು ತನ್ನ ಬಾಳಿಗೆ ಹೊಂದಿಸಿ ನೋಡುವ ಕಣ್ಣು ಆಗಲೇ ತೆರೆದಿರುತ್ತದೆ. ಔಷಧದ ಡಬ್ಬಿಯನ್ನು ಕಟ್ಟಿಕೊಟ್ಟು, ಬಲ್ಲವರನ್ನು ಜೊತೆಮಾಡಿ, ಹೋಗಿ ಬನ್ನಿರೆಂದು ಬಾಗಿಲ ತನಕ ಬಂದು ಕಳುಹಿಸುವುದೂ ಮಕ್ಕಳ ಸೇವೆಯೇ ಸರಿ.

ಊರು ಮುಟ್ಟಿದ ರಾತ್ರಿ ಮಗ ಮತ್ತೆ ಫೋನು ಮಾಡಿ ಮೊದಲು ಕೇಳಿದ್ದು ತಾಯಿಯ ಮೊಣಕಾಲನ್ನು.

“ನೋಯ್ಲಿಕ್ಕತ್ತಾವಪ್ಪಾ,” ಎಂದರು ಆ ತಾಯಿ. “ಮನ್ಯಾಗ ಕೂತಾಗೂ ನೋಯ್ತಿದ್ದವು.”